ದುರ್ಗಮ ಪ್ರಾಂತದ ಮಾರ್ಗಕಾರ: ಥಾಮಸ್ ಟೆಲ್‌ಫೋರ್ಡ್

ಹಾದಿಯಲ್ಲಿ ನಡೆಯುವವರು ಹಾದಿಯನ್ನು ಮಾಡಿದವನನ್ನು ನೆನೆಯುವುದು ಅಪೂರ್ವ. ಸೇತುವೆಯೊಂದು ಕುಸಿದರೆ ಅದನ್ನು ಕಟ್ಟಿದವನಾರೆಂದು ಊರೆಲ್ಲ ವಿಚಾರಿಸುತ್ತದೆ. ಅದೇ ಸೇತುವೆಯು ನೂರಾರು ವರ್ಷ ಕುಸಿಯದೆ ನಿಂತರೆ ಯಾರೂ ಕೇಳುವುದಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಲ್ಲಿ ಘಟ್ಟದ ತಿರುವುಗಳನ್ನೂ ಮಳೆಗಾಲದ ಹೊಳೆಗಳನ್ನೂ ದಾಟದೆ ಬಂದವರು ವಿರಳ. ನಮ್ಮ ಕರಾವಳಿಯ ಹೊಳೆಗಳಿಗೆ ಸೇತುವೆಗಳಾಗುವ ಮೊದಲು ಕಡವಿನಲ್ಲಿ ದೋಣಿಗಾಗಿ ಕಾದು ನಿಂತ ಹಿರಿಯರ ಮಾತುಗಳನ್ನು ನಾವು ಕೇಳಿದ್ದೇವೆ. ಆದುದರಿಂದ, ದೂರದೇಶದವನಾದರೂ, ಇಂತಹುದೇ ದುರ್ಗಮ ಸೀಮೆಗಳಲ್ಲಿ ದಾರಿಹೋಕನ ಪ್ರಾಣವನ್ನು ಕಾಯುವ ಹಾದಿಗಳನ್ನು ನಿರ್ಮಿಸಿದ ಒಬ್ಬ ಮಹಾನುಭಾವನ ಜೀವಿತವನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ. ಆತನೇ ಥಾಮಸ್ ಟೆಲ್‌ಫೋರ್ಡ್.

ಕುರುಬನ ಮಗ

ಟೆಲ್‌ಫೋರ್ಡನು ಜನಿಸಿದುದು 1757ನೆಯ ಇಸವಿ ಆಗಸ್ಟ್ 9ರಂದು, ಸ್ಕಾಟ್ಲೆಂಡಿನ ದಕ್ಷಿಣದ ಗಡಿಯಲ್ಲಿರುವ ಎಸ್ಕ್‌ಡೇಲ್ ಎಂಬ ಕಣಿವೆಯಲ್ಲಿ. ತಂದೆಯು ಪರರ ಕುರಿಗಳನ್ನು ಕಾಯುವ ಕುರುಬ. ಮಗು ಹುಟ್ಟಿದ ಕೆಲವೇ ತಿಂಗಳುಗಳಲ್ಲಿ ಅವನು ತೀರಿಕೊಂಡನು. ತಾಯಿ ಜಾನೆಟ್ ನೆರೆಹೊರೆಯವರ ಆಸರೆಯಲ್ಲಿ, ಇನ್ನೊಂದು ಸಂಸಾರದೊಡನೆ ಹಂಚಿಕೊಂಡ ಗುಡಿಸಲಿನಲ್ಲಿ, ಈ ಒಬ್ಬನೇ ಮಗನನ್ನು ಬೆಳೆಸಿದಳು. ಹುಡುಗನು ದನ ಕಾಯುತ್ತ, ಬಿಡುವಾದಾಗ ಊರ ಶಾಲೆಗೆ ಹೋಗುತ್ತ ಓದುಬರಹ ಕಲಿತನು. ಸದಾ ನಗುಮೊಗದವನಾದುದರಿಂದ ನಗುವ ಟಾಮನೆಂದೇ ಊರವರು ಅವನನ್ನು ಕರೆಯುತ್ತಿದ್ದರು.

ಹದಿನಾಲ್ಕರ ಪ್ರಾಯದಲ್ಲಿ ಅವನನ್ನು ಕಲ್ಲುಕೆಲಸ ಕಲಿಯಲು ಒಬ್ಬ ಮೇಸ್ತ್ರಿಯಲ್ಲಿ ಬಿಟ್ಟರು. ಆ ಮೇಸ್ತ್ರಿಯ ಕಾಟವನ್ನು ತಾಳಲಾರದೆ ಹುಡುಗನು ಕೆಲವೇ ತಿಂಗಳುಗಳಲ್ಲಿ ತಾಯಿಯ ಬಳಿಗೆ ಓಡಿಬಂದನು. ಬಳಿಕ ಲ್ಯಾಂಗ್‌ಹೋಮ್ ಎಂಬ ಸಮೀಪದ ಪಟ್ಟಣದಲ್ಲಿ ಮತ್ತೊಬ್ಬನ ಕೈಕೆಳಗೆ ಕೆಲಸ ಕಲಿತನು. ಅಲ್ಲಿ ಒಬ್ಬ ಸಂಭಾವಿತ ಮಹಿಳೆಯು ತನ್ನ ಮನೆಯ ಪುಸ್ತಕಗಳನ್ನು ಅವನಿಗೆ ಎರವಲು ಕೊಡುತ್ತಿದ್ದಳು. ಹಗಲು ಕಲ್ಲು ಕಡಿಯುವುದು, ಇರುಳು ಒಲೆಯ ಬೆಳಕಿನಲ್ಲಿ ಓದುವುದು, ಇದೇ ಆತನ ವಿದ್ಯಾಭ್ಯಾಸ. ಕಾಲೇಜಿನ ಮೆಟ್ಟಿಲನ್ನು ಆತನು ಹತ್ತಿದವನಲ್ಲ.

1780ರಲ್ಲಿ ಎಡಿನ್‌ಬರೋ ನಗರಕ್ಕೂ, 1782ರಲ್ಲಿ ಲಂಡನ್ನಿಗೂ ಕೆಲಸವನ್ನರಸಿ ಹೋದನು. ಲಂಡನ್ನಿನಲ್ಲಿ ಆಗ ಕಟ್ಟುತ್ತಿದ್ದ ಸಾಮರ್ಸೆಟ್ ಹೌಸ್ ಎಂಬ ಮಹಾಸೌಧದಲ್ಲಿ ಕೂಲಿಯ ಕಲ್ಲುಕುಟಿಗನಾಗಿ ದುಡಿದನು. ಪರಊರಿನಲ್ಲಿ ದುಡಿಯುವ ಮಗನಿಗೆ ಊರಲ್ಲಿರುವ ತಾಯಿಯ ಚಿಂತೆ ಹೇಗಿರುತ್ತದೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಟೆಲ್‌ಫೋರ್ಡನು ತಾಯಿಗೆ ಹಣ ಕಳುಹಿಸುತ್ತಿದ್ದನು. ಕಾಗದಗಳನ್ನು ಮಾತ್ರ ಕೂಡಕ್ಷರದಲ್ಲಿ ಬರೆಯದೆ ಅಚ್ಚಿನ ಅಕ್ಷರಗಳಂತೆ ಬಿಡಿಬಿಡಿಯಾಗಿ ಬರೆಯುತ್ತಿದ್ದನು. ವೃದ್ಧೆಯಾದ ತಾಯಿಯು ಮತ್ತೊಬ್ಬರ ಸಹಾಯವಿಲ್ಲದೆ ತಾನೇ ಓದಿಕೊಳ್ಳಲಿ ಎಂಬುದೇ ಅದರ ಉದ್ದೇಶ. 1794ರಲ್ಲಿ ಆಕೆಯು ತೀರಿಕೊಳ್ಳುವವರೆಗೂ ಈ ಕ್ರಮ ತಪ್ಪಲಿಲ್ಲ. ಬಳಸುವವನ ಕಷ್ಟವನ್ನು ಮೊದಲೇ ಊಹಿಸಿ ಕೆಲಸ ಮಾಡುವ ಈ ಗುಣವೇ ಮುಂದೆ ಆತನ ರಸ್ತೆಗಳಲ್ಲಿಯೂ ಕಾಣಿಸಿಕೊಂಡಿತು.

ನಕ್ಕವರ ಮುಂದೆ ಕುಸಿದ ಗೋಪುರ

1787ರಲ್ಲಿ ಊರಿನ ಕಡೆಯವನೇ ಆದ ಸರ್ ವಿಲಿಯಂ ಪುಲ್ಟ್ನಿ ಎಂಬ ಶ್ರೀಮಂತನ ಆಶ್ರಯದಿಂದ ಟೆಲ್‌ಫೋರ್ಡನು ಇಂಗ್ಲೆಂಡಿನ ಶ್ರಾಪ್‌ಶೈರ್ ಜಿಲ್ಲೆಗೆ ಬಂದು, ಅಲ್ಲಿಯ ಸಾರ್ವಜನಿಕ ಕಾಮಗಾರಿಗಳ ಸರ್ವೇಯರನಾದನು. ಮರುವರ್ಷ ಶ್ರೂಸ್‌ಬರಿ ಪಟ್ಟಣದ ಹಳೆಯ ಸೇಂಟ್ ಚಾಡ್ ಇಗರ್ಜಿಯ ಮಾಡು ಸೋರುತ್ತಿದೆಯೆಂದು ಆಡಳಿತ ಮಂಡಳಿಯವರು ಆತನನ್ನು ಕರೆಸಿದರು. ಆತನು ಪರಿಶೀಲಿಸಿ, ದೋಷವಿರುವುದು ಮಾಡಿನಲ್ಲಲ್ಲ. ಗೋಡೆಯ ಬುಡದಲ್ಲಿ ಗೋರಿಗಳನ್ನು ಅಗೆದು ತಳಪಾಯವೇ ಸಡಿಲವಾಗಿದೆ, ಮೊದಲು ಗೋಡೆಗಳನ್ನು ಭದ್ರಪಡಿಸದಿದ್ದರೆ ಕಟ್ಟಡವೇ ಬೀಳುವುದೆಂದು ತಿಳಿಸಿದನು. ಮಂಡಳಿಯವರು ಇದು ಕೆಲಸ ಗಿಟ್ಟಿಸುವ ಉಪಾಯವೆಂದು ನಕ್ಕರು. ಕೆಲವೇ ದಿನಗಳಲ್ಲಿ, ಒಂದು ಬೆಳಗಿನ ಜಾವ, ಗೋಪುರವು ಇಗರ್ಜಿಯ ಮೇಲೆಯೇ ಕುಸಿದು ಬಿದ್ದಿತು. ಅಂದಿನಿಂದ ಆ ಜಿಲ್ಲೆಯಲ್ಲಿ ಟೆಲ್‌ಫೋರ್ಡನ ಮಾತನ್ನು ಹಗುರವಾಗಿ ತಿಳಿಯುವವರು ಕಡಿಮೆಯಾದರು.

1795ರಲ್ಲಿ ಸೆವರ್ನ್ ನದಿಯ ಮಹಾಪೂರವು ಅನೇಕ ಸೇತುವೆಗಳನ್ನು ಕೆಡವಿತು. ಮರುವರ್ಷ ಬಿಲ್ಡ್‌ವಾಸ್ ಎಂಬಲ್ಲಿ ಟೆಲ್‌ಫೋರ್ಡನು ಒಂದೇ ಕಮಾನಿನ ಎರಕದ ಕಬ್ಬಿಣದ ಸೇತುವೆಯನ್ನು ಕಟ್ಟಿದನು. ನದಿಯ ಮಧ್ಯದಲ್ಲಿ ಕಂಬವಿಲ್ಲದಿದ್ದರೆ ಪೂರದ ನೀರಿಗೆ ತಡೆಯಿಲ್ಲ ಎಂಬ ತತ್ವವು ಇಲ್ಲಿಂದ ಆತನಿಗೆ ಕೈವಶವಾಯಿತು. ವೇಲ್ಸಿನ ಪಾಂಟ್‌ಕಸಲ್‌ಟಿ ಎಂಬಲ್ಲಿ, ಕಣಿವೆಯ ಮೇಲೆ ಸುಮಾರು 126 ಅಡಿ ಎತ್ತರದಲ್ಲಿ, ಸಾವಿರ ಅಡಿ ಉದ್ದದ ಕಬ್ಬಿಣದ ತೊಟ್ಟಿಯಲ್ಲಿ ದೋಣಿಗಳು ಸಾಗುವ ಕಾಲುವೆಯನ್ನು 1805ರಲ್ಲಿ ಪೂರೈಸಿದನು. ಹತ್ತು ವರ್ಷ ನಡೆದ ಈ ಕೆಲಸದಲ್ಲಿ ಒಬ್ಬನ ಪ್ರಾಣವಷ್ಟೇ ಹೋಯಿತೆಂದು ಆತನು ಲೆಕ್ಕವಿಟ್ಟುಕೊಂಡಿದ್ದನು. ಕೂಲಿಗಳ ಸಾವನ್ನು ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಕಾಲದಲ್ಲಿ ಈ ಒಂದು ಲೆಕ್ಕವನ್ನು ನಾವು ಗಮನಿಸತಕ್ಕದ್ದು. 2009ರಲ್ಲಿ ಈ ಮೇಲ್ಗಾಲುವೆಯು ವಿಶ್ವ ಪರಂಪರೆಯ ತಾಣವೆಂದು ಮಾನ್ಯವಾಯಿತು.

ಹೈಲ್ಯಾಂಡ್ಸ್ ಸೀಮೆ

ಸ್ಕಾಟ್ಲೆಂಡಿನ ಉತ್ತರಭಾಗದ ಬೆಟ್ಟಗಾಡಿಗೆ ಹೈಲ್ಯಾಂಡ್ಸ್ ಎಂದು ಹೆಸರು. ಆ ಕಾಲಕ್ಕೆ ಅದು ಬ್ರಿಟನ್ನಿನ ಅತ್ಯಂತ ಹಿಂದುಳಿದ ಸೀಮೆ. 1725ರಿಂದ ಮೊದಲುಗೊಂಡು ಜನರಲ್ ವೇಡ್ ಎಂಬ ಸೇನಾಧಿಕಾರಿಯು ಅಲ್ಲಿ ಸುಮಾರು 250 ಮೈಲು ರಸ್ತೆಗಳನ್ನು ಮಾಡಿಸಿದ್ದನು. ಅವನ ತರುವಾಯ ಬಂದವರು ಅದಕ್ಕೆ ಇನ್ನಷ್ಟನ್ನು ಸೇರಿಸಿದ್ದರು. ಆದರೆ ಅವು ದಂಗೆಗಳನ್ನು ಅಡಗಿಸಲು ದಂಡು ನಡೆಯುವುದಕ್ಕಾಗಿ ಮಾಡಿದ ಹಾದಿಗಳು. ನೇರವಾಗಿ ಗುಡ್ಡವನ್ನೇರಿ ನೇರವಾಗಿ ಇಳಿಯುವಂತಹವು. ಸರಕಿನ ಗಾಡಿಗೆ ಅವು ಒದಗುತ್ತಿರಲಿಲ್ಲ. ಉತ್ತರದ ಜಿಲ್ಲೆಗಳಿಗಂತೂ ಅವು ಮುಟ್ಟಿಯೇ ಇರಲಿಲ್ಲ. ಅಲ್ಲಿ ಹೊಳೆಯಿದ್ದರೆ ಹಾಯಬೇಕು, ಅಳಿವೆಯಿದ್ದರೆ ದೋಣಿ ಹತ್ತಬೇಕು, ಪೂರ ಬಂದರೆ ದಿನಗಟ್ಟಲೆ ಕಾಯಬೇಕು. ಜನರು ಬಡತನಕ್ಕೆ ಸೋತು ಸಾವಿರಗಟ್ಟಲೆ ಅಮೆರಿಕಾ ಖಂಡಕ್ಕೆ ವಲಸೆ ಹೋಗುತ್ತಿದ್ದರು.

ಸರಕಾರವು 1801 ಮತ್ತು 1802ರಲ್ಲಿ ಟೆಲ್‌ಫೋರ್ಡನನ್ನು ಅಲ್ಲಿಗೆ ಸರ್ವೇಗಾಗಿ ಕಳುಹಿಸಿತು. ಆತನ ವರದಿಯ ಫಲವಾಗಿ 1803ರಲ್ಲಿ ಪಾರ್ಲಿಮೆಂಟು ಹೈಲ್ಯಾಂಡ್ ರಸ್ತೆ ಮತ್ತು ಸೇತುವೆಗಳ ಆಯೋಗವನ್ನು ನೇಮಿಸಿತು. ಖರ್ಚಿನ ಅರ್ಧವನ್ನು ಸರಕಾರವೂ ಉಳಿದರ್ಧವನ್ನು ಆಯಾ ಪ್ರದೇಶದ ಜಮೀನ್ದಾರರೂ ಭರಿಸತಕ್ಕದ್ದೆಂದು ನಿಶ್ಚಯವಾಯಿತು. ಬ್ರಿಟನ್ನಿನ ಮೊದಲ ಜನಗಣತಿಯನ್ನು ನಡೆಸಿದ ಜಾನ್ ರಿಕ್‌ಮನ್ ಆಯೋಗದ ಕಾರ್ಯದರ್ಶಿಯಾದನು; ಟೆಲ್‌ಫೋರ್ಡನು ಇಂಜಿನಿಯರನಾದನು. ಒಬ್ಬನು ಲೆಕ್ಕಪತ್ರದಲ್ಲಿ ಬಿಗಿ, ಇನ್ನೊಬ್ಬನು ಕೆಲಸದಲ್ಲಿ ಬಿಗಿ. ಇಬ್ಬರಿಗೂ ಜೀವಮಾನದ ಸ್ನೇಹವಾಯಿತು.

ನೂರಾರು ಮೈಲು ಹಬ್ಬಿದ ಬೆಟ್ಟಗಾಡಿನಲ್ಲಿ, ತಂತಿ ಟೆಲಿಫೋನುಗಳಿಲ್ಲದ ಕಾಲದಲ್ಲಿ, ಒಂದೇ ಸಲ ಹತ್ತಾರು ಕಡೆ ನಡೆಯುವ ಕಾಮಗಾರಿಯನ್ನು ನಿರ್ವಹಿಸುವುದು ಹೇಗೆ? ಟೆಲ್‌ಫೋರ್ಡನ ಉಪಾಯವು ಸರಳವಾಗಿತ್ತು. ಪ್ರತಿಯೊಂದು ರಸ್ತೆಗೂ ಮೊದಲು ಸರ್ವೇ, ಅನಂತರ ನಕ್ಷೆ, ಅನಂತರ ಪ್ರತಿಯೊಂದು ವಿವರವನ್ನೂ ಕಾಣಿಸಿದ ಲಿಖಿತ ಕರಾರು. ಕೆಲಸವನ್ನು ಇನ್‌ಸ್ಪೆಕ್ಟರನು ಕಣ್ಣಾರೆ ನೋಡಿದ ಮೇಲೆಯೇ ಗುತ್ತಿಗೆದಾರನಿಗೆ ಹಣ. ಇನ್‌ಸ್ಪೆಕ್ಟರರನ್ನು ಆತನು ದೊಡ್ಡ ಮನೆತನಗಳಿಂದ ಆರಿಸಲಿಲ್ಲ. ತನ್ನಂತೆ ಕಲ್ಲು ಕಡಿದು ಬಂದವರನ್ನು ಹುಡುಕಿ ತೆಗೆದನು. ಅವರಲ್ಲಿ ಮುಖ್ಯನು ಜಾನ್ ಮಿಚೆಲ್. ಇವನು ಕಾಲುವೆಯ ಕೆಲಸದಲ್ಲಿ ಮೇಸ್ತ್ರಿಯಾಗಿದ್ದವನು, ಓದುಬರಹ ಅಷ್ಟಕ್ಕಷ್ಟೆ. ಆದರೆ ವರ್ಷಕ್ಕೆ ಒಂಬತ್ತು ಸಾವಿರ ಮೈಲುಗಳಷ್ಟು ಹಿಮದಲ್ಲಿಯೂ ಮಳೆಯಲ್ಲಿಯೂ ಸಂಚರಿಸಿ ಪ್ರತಿಯೊಂದು ಮೋರಿಯನ್ನೂ ಪರೀಕ್ಷಿಸುತ್ತಿದ್ದನು. 1824ರಲ್ಲಿ ಆ ದುಡಿಮೆಯಲ್ಲಿಯೇ ಸವೆದು ಸತ್ತನು. ಅವನ ಮಗ ಜೋಸೆಫನು ತಂದೆಯ ಸ್ಥಾನಕ್ಕೆ ಬಂದು ದಶಕಗಳ ಕಾಲ ಆ ರಸ್ತೆಗಳನ್ನು ನೋಡಿಕೊಂಡನು.

ಕಡವಿನ ದುರಂತ

ಈ ಕೆಲಸ ಏಕೆ ಬೇಕಾಗಿತ್ತೆಂಬುದನ್ನು 1809ರ ಒಂದು ಘಟನೆಯು ಎಲ್ಲರಿಗೂ ತಿಳಿಸಿಕೊಟ್ಟಿತು. ಉತ್ತರದ ಡಾರ್ನಾಕ್ ಅಳಿವೆಯನ್ನು ದಾಟಲು ಮೀಕಲ್ ಫೆರಿ ಎಂಬ ಕಡವು ಇತ್ತು. ಆಗಸ್ಟ್ 16ರಂದು ಆಚೆಯ ದಡದ ಟೇನ್ ಪಟ್ಟಣದ ಜಾತ್ರೆಗೆಂದು ಗಂಡಸರು, ಹೆಂಗಸರು, ಮಕ್ಕಳು ದೋಣಿಗೆ ಮುತ್ತಿಕೊಂಡರು. ಆ ದೋಣಿ ತಾಳುವುದಕ್ಕಿಂತ ಎಷ್ಟೋ ಹೆಚ್ಚಾಗಿ ನೂರಕ್ಕೂ ಮಿಕ್ಕ ಜನರು ಹತ್ತಿದರು. ಬಿರುಗಾಳಿಯಿರಲಿಲ್ಲ, ದೊಡ್ಡ ತೆರೆಯಿರಲಿಲ್ಲ. ನಡುನೀರಿನಲ್ಲಿ ದೋಣಿಯು ವಾಲಿ ಮುಳುಗಿತು. ತೊಂಬತ್ತೊಂಬತ್ತು ಜನರು ಜಲಸಮಾಧಿಯಾದರು. ಸುತ್ತಣ ಹಳ್ಳಿಗಳಲ್ಲಿ ಶೋಕವಿಲ್ಲದ ಮನೆಗಳು ವಿರಳವಾದವು.

ಅಳಿವೆಯ ಮೇಲ್ಭಾಗದಲ್ಲಿ, ಬೋನಾರ್ ಎಂಬಲ್ಲಿ, ಸೇತುವೆ ಬೇಕೆಂಬ ಮಾತು ಮೊದಲೇ ಇತ್ತು. ಈಗ ಅದನ್ನು ತಡೆಯುವವರು ಉಳಿಯಲಿಲ್ಲ. ಟೆಲ್‌ಫೋರ್ಡನು 150 ಅಡಿಯ ಒಂದೇ ಕಬ್ಬಿಣದ ಕಮಾನನ್ನು ವೇಲ್ಸಿನಲ್ಲಿ ಎರಕ ಹೊಯ್ಯಿಸಿ, ತುಂಡುಗಳನ್ನು ಹಡಗಿನಲ್ಲಿ ತರಿಸಿ ಜೋಡಿಸಿದನು. 1812ರಲ್ಲಿ ಸೇತುವೆಯು ಸಿದ್ಧವಾಯಿತು. ಕಡವಿನ ದುರಂತದಲ್ಲಿ ತಂದೆಯನ್ನು ಕಳೆದುಕೊಂಡ ಒಬ್ಬನು ದೋಣಿ ಹತ್ತುವುದನ್ನೇ ಬಿಟ್ಟಿದ್ದನಂತೆ. ಸೇತುವೆಯಾಯಿತೆಂದು ಕೇಳಿ ಅವನು ಬಂದನು. ದೂರದಿಂದ ನೋಡಿದರೆ ಗಾಳಿಯಲ್ಲಿ ತೂಗುವ ಜೇಡರ ಬಲೆಯಂತೆ ಕಂಡ ಅದನ್ನು ನಂಬಲಾರದೆ ಹೋದನು. ಹತ್ತಿರ ಬಂದು, ಕಾಲಿಟ್ಟು, ದಾಟಿದ ಮೇಲೆ ಜಗತ್ತಿನಲ್ಲಿ ಇದಕ್ಕಿಂತ ಚೆಲುವಾದುದಿಲ್ಲವೆಂದು ಕೊಂಡಾಡಿದನು. ಈ ಸಂಗತಿಯನ್ನು ಟೆಲ್‌ಫೋರ್ಡನು ತನ್ನ ಮಿತ್ರನಾದ ಕವಿ ರಾಬರ್ಟ್ ಸೌದಿಗೆ ಹೇಳಿದ್ದನು. 1819ರಲ್ಲಿ ಆತನೊಡನೆ ಆ ಸೀಮೆಯಲ್ಲೆಲ್ಲ ಪ್ರವಾಸ ಮಾಡಿದ ಕವಿಯು ಅದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟನು. ಆ ಸೇತುವೆಯು ಎಂಬತ್ತು ವರ್ಷ ಸೇವೆ ಸಲ್ಲಿಸಿ 1892ರ ಪೂರದಲ್ಲಿ ಕೊಚ್ಚಿಹೋಯಿತು. ಅಲ್ಲಿ ಬೇರೆ ಸೇತುವೆಗಳಾದವು. ಹಳೆಯ ಕಡವಿನ ಸಮೀಪದಲ್ಲಿಯೇ ಅಳಿವೆಗೆ ಅಡ್ಡಲಾಗಿ ಸೇತುವೆಯಾದುದು 1991ರಲ್ಲಿ.

ಹದಿನೆಂಟು ವರ್ಷಗಳಲ್ಲಿ ಟೆಲ್‌ಫೋರ್ಡನು ಆ ಸೀಮೆಯಲ್ಲಿ ಮಾಡಿಸಿದ ರಸ್ತೆ 920 ಮೈಲು. ಸಣ್ಣವು ದೊಡ್ಡವು ಸೇರಿ ಸೇತುವೆಗಳು ಸಾವಿರಕ್ಕೂ ಹೆಚ್ಚು. ಕ್ರೆಗೆಲ್ಲಾಕಿಯಲ್ಲಿ ಸ್ಪೇ ನದಿಗೆ 1814ರಲ್ಲಿ ಕಟ್ಟಿದ ಕಬ್ಬಿಣದ ಕಮಾನು 1829ರ ಮಹಾಪೂರವನ್ನೂ ತಾಳಿಕೊಂಡು ನಿಂತಿತು. ಪಾದಚಾರಿಗಳು ಈಗಲೂ ಅದರ ಮೇಲೆ ನಡೆಯುತ್ತಾರೆ. ಶತಮಾನದ ಆದಿಯಲ್ಲಿ ಇನ್ವರ್‌ನೆಸ್ ಪಟ್ಟಣದಿಂದಾಚೆಗೆ ಸಾರ್ವಜನಿಕ ಗಾಡಿಯೇ ಇರಲಿಲ್ಲ. 1819ರಲ್ಲಿ ಟಪಾಲು ಗಾಡಿಯು ದೇಶದ ಉತ್ತರದ ತುದಿಯಲ್ಲಿರುವ ಥರ್ಸೊ ಪಟ್ಟಣವನ್ನು ಮುಟ್ಟಿತು.

ಆದರೆ ಒಂದು ಮಾತನ್ನು ಮುಚ್ಚಿಡುವುದು ಸಲ್ಲದು. ಈ ರಸ್ತೆಗಳನ್ನು ಮಾಡಿಸಿದ ಉದ್ದೇಶಗಳಲ್ಲಿ ವಲಸೆಯನ್ನು ತಡೆಯುವುದೂ ಒಂದಾಗಿತ್ತು. ರಸ್ತೆಯ ಮತ್ತು ಕಾಲುವೆಯ ಕೆಲಸಗಳಿಂದ ವರ್ಷಕ್ಕೆ ಸುಮಾರು ಮೂರು ಸಾವಿರ ಮಂದಿಗೆ ಕೂಲಿ ದೊರೆಯಿತೆಂದೂ, ಅವರು ಹೊಸ ಹತ್ಯಾರುಗಳ ಬಳಕೆಯನ್ನು ಕಲಿತರೆಂದೂ ಟೆಲ್‌ಫೋರ್ಡನು ಸಂತೋಷಪಟ್ಟಿದ್ದಾನೆ. ಅದೇ ವರ್ಷಗಳಲ್ಲಿ ಸದರ್ಲೆಂಡ್ ಮುಂತಾದ ಜಿಲ್ಲೆಗಳ ಜಮೀನ್ದಾರರು ಕುರಿಗಳನ್ನು ಮೇಯಿಸುವುದೇ ಹೆಚ್ಚು ಲಾಭವೆಂದು ಸಾವಿರಾರು ಒಕ್ಕಲುಗಳನ್ನು ಮನೆಗಳಿಂದ ಎಬ್ಬಿಸಿದರು. ಊರವರು ಊರಲ್ಲಿ ಉಳಿಯಲೆಂದು ಮಾಡಿದ ಹಾದಿಯಲ್ಲಿಯೇ ಅವರು ಮೂಟೆ ಹೊತ್ತು ಹೊರಟುಹೋದರು. ರಸ್ತೆಯು ಊರಿಗೆ ಬರುವುದಕ್ಕೂ ಊರು ಬಿಡುವುದಕ್ಕೂ ಒಂದೇ ಎಂಬುದನ್ನು ನಾವು ಬಲ್ಲೆವು. ನೆಲದ ನ್ಯಾಯವನ್ನು ಇಂಜಿನಿಯರನು ಕೊಡಲಾರನು; ಹೊರಟವನು ನೀರುಪಾಲಾಗದೆ ಗುರಿ ಸೇರುವಂತೆ ಮಾತ್ರ ಮಾಡಬಲ್ಲನು. ಅದೇ ಕಾಲದಲ್ಲಿ ಆತನು ನಿರ್ಮಿಸಿದ ಕ್ಯಾಲಿಡೋನಿಯನ್ ಕಾಲುವೆಯೂ ಅಂದಾಜಿಗಿಂತ ಬಹಳ ಹೆಚ್ಚು ಹಣವನ್ನು ನುಂಗಿ, 1822ರಲ್ಲಿ ತೆರೆದಾಗ ದೊಡ್ಡ ಹಡಗುಗಳಿಗೆ ಸಾಕಾಗುವಷ್ಟು ಆಳವಿಲ್ಲದೆ ಹೋಯಿತು.

ಹಾಲಿಹೆಡ್ ರಸ್ತೆ

ಆತನ ಎರಡನೆಯ ಮಹಾಕಾರ್ಯವು ವೇಲ್ಸಿನ ಉತ್ತರದ ಬೆಟ್ಟಗಳಲ್ಲಿ ನಡೆಯಿತು. ಲಂಡನ್ನಿನಿಂದ ಐರ್ಲೆಂಡಿಗೆ ಹೋಗುವವರು ಈ ಬೆಟ್ಟಗಳನ್ನು ಹಾದು, ಮೆನಾಯ್ ಜಲಸಂಧಿಯನ್ನು ದೋಣಿಯಲ್ಲಿ ದಾಟಿ, ಆಂಗ್ಲೆಸಿ ದ್ವೀಪದಾಚೆಯ ಹಾಲಿಹೆಡ್ ಬಂದರನ್ನು ಸೇರಬೇಕಾಗಿತ್ತು. ರಸ್ತೆಯು ಕಿರಿದು; ಒಂದು ಪಕ್ಕಕ್ಕೆ ಬಂಡೆ, ಇನ್ನೊಂದು ಪಕ್ಕಕ್ಕೆ ತಡೆಗೋಡೆಯಿಲ್ಲದ ಪ್ರಪಾತ. ಟಪಾಲು ಗಾಡಿಯನ್ನು ಓಡಿಸಲು ನೋಡಿದಾಗ ಒಂದೇ ವಾರದಲ್ಲಿ ಮೂರು ಕುದುರೆಗಳು ಕಾಲು ಮುರಿದುಕೊಂಡವು. ಜಲಸಂಧಿಯಂತೂ ಮೊದಲೇ ಪ್ರಾಣಗಳನ್ನು ಬಲಿ ತೆಗೆದುಕೊಂಡಿತ್ತು: 1785ರ ಡಿಸೆಂಬರಿನಲ್ಲಿ ಅಲ್ಲಿಯ ಒಂದು ದೋಣಿಯು ಮರಳುದಿಬ್ಬಕ್ಕೆ ಸಿಕ್ಕಿ 55 ಜನರಲ್ಲಿ ಒಬ್ಬನು ಮಾತ್ರ ಬದುಕಿದ್ದನು. ಐರ್ಲೆಂಡಿನ ಪಾರ್ಲಿಮೆಂಟ್ ಸದಸ್ಯರು ತಾವೇ ಈ ದಾರಿಯಲ್ಲಿ ಓಡಾಡಬೇಕಾಗಿ ಬಂದ ಮೇಲೆ ದುರಸ್ತಿಯ ಮಾತು ಬಲಗೊಂಡಿತೆಂಬುದು ಲೋಕರೂಢಿಗೆ ಸಲ್ಲುವಂತಹುದೇ.

1815ರಲ್ಲಿ ಕೆಲಸವು ಮೊದಲಾಯಿತು. ಕೆಲವೆಡೆ ಆರೇಳು ಅಡಿಗೆ ಒಂದಡಿಯಂತೆ ಏರುತ್ತಿದ್ದ ಹಾದಿಯನ್ನು ಟೆಲ್‌ಫೋರ್ಡನು ಬೆಟ್ಟದ ಮೈಯನ್ನು ಬಳಸಿಸಿ, ಇಪ್ಪತ್ತಡಿಗೆ ಒಂದಡಿಗಿಂತ ಹೆಚ್ಚು ಏರದಂತೆ ತಂದನು. ಪ್ರಪಾತದ ಬದಿಗೆ ಕಲ್ಲಿನ ಗೋಡೆ, ಬೆಟ್ಟದ ಬದಿಗೆ ಚರಂಡಿ, ಅಡ್ಡಲಾಗಿ ಮೋರಿ. ತಳದಲ್ಲಿ ಅಗಲ ಕಲ್ಲುಗಳನ್ನು ಕೈಯಿಂದ ಒಂದೊಂದಾಗಿ ನಿಲ್ಲಿಸಿ ಹೊಂದಿಸುವುದು, ಅದರ ಮೇಲೆ ಒಡೆದ ಜಲ್ಲಿ, ಪ್ರತಿಯೊಂದು ಜಲ್ಲಿಯೂ ಎರಡೂವರೆ ಅಂಗುಲದ ಬಳೆಯಲ್ಲಿ ತೂರುವಂತಿರಬೇಕು, ಮೇಲೆ ನೊರಜುಗಲ್ಲು, ನೀರು ನಿಲ್ಲದಂತೆ ನಡುವೆ ತುಸು ಉಬ್ಬು. ನಮ್ಮ ದೇಶದ ರಸ್ತೆ ಕೆಲಸದಲ್ಲಿ ಸೋಲಿಂಗ್ ಎಂದು ಕರೆಯುವ ಕಲ್ಲಿನ ಹಾಸು ಈ ಕ್ರಮಕ್ಕೆ ಹತ್ತಿರದ ನೆಂಟನು. ಇಷ್ಟೊಂದು ತಳಪಾಯವು ವ್ಯರ್ಥ ಖರ್ಚೆಂದು ಅದೇ ಕಾಲದ ಮೆಕಾಡಂ ವಾದಿಸಿದನು. ಮೆಕಾಡಮನ ಕ್ರಮವು ಅಗ್ಗವಾದುದರಿಂದ ಹೆಚ್ಚು ಹರಡಿತೆಂಬುದೂ ನಿಜ.

ಜಲಸಂಧಿಯ ಮೇಲೆ ಟೆಲ್‌ಫೋರ್ಡನು ತೂಗುಸೇತುವೆಯನ್ನು ಯೋಜಿಸಿದನು. ಹಡಗುಗಳು ಪಟ ಇಳಿಸದೆ ಹೋಗುವಂತೆ ನೂರಡಿ ಎತ್ತರ, ಎರಡು ಗೋಪುರಗಳ ನಡುವೆ 579 ಅಡಿ ಅಂತರ, ಹದಿನಾರು ಕಬ್ಬಿಣದ ಸರಪಣಿಗಳು. ಅಷ್ಟು ದೂರವನ್ನು ಸರಪಣಿಯಿಂದ ದಾಟಿಸಿದ ಸೇತುವೆ ಅದುವರೆಗೆ ಇರಲಿಲ್ಲ. ಸರಪಣಿಯ ಪ್ರತಿಯೊಂದು ಕೊಂಡಿಯನ್ನೂ ಎಳೆದು ಪರೀಕ್ಷಿಸಿದ ಮೇಲೆಯೇ ಮೇಲೇರಿಸಿದರು. 1825ರ ಏಪ್ರಿಲಿನಲ್ಲಿ ಮೊದಲ ಸರಪಣಿಯು ಮೇಲೇರಿ ಜನರು ಜಯಕಾರ ಮಾಡುತ್ತಿರುವಾಗ, ಅಭಿನಂದಿಸಲು ಹೋದ ಮಿತ್ರರಿಗೆ ಆತನು ಮೊಣಕಾಲೂರಿ ಪ್ರಾರ್ಥಿಸುತ್ತಿರುವುದು ಕಂಡಿತೆಂದು ಹೇಳುತ್ತಾರೆ. ಹಿಂದಿನ ಎಷ್ಟೋ ರಾತ್ರಿ ಆತನಿಗೆ ನಿದ್ರೆಯಿರಲಿಲ್ಲ. 1826ರ ಜನವರಿ 30ರಂದು ಲಂಡನ್ನಿನ ಟಪಾಲು ಗಾಡಿಯು ಆ ಸೇತುವೆಯನ್ನು ದಾಟಿತು. ಮೂವತ್ತಾರು ಗಂಟೆಗಳ ಪ್ರಯಾಣವು ಇಪ್ಪತ್ತೇಳಕ್ಕೆ ಇಳಿಯಿತು.

ಕಟ್ಟುವುದು ಮತ್ತು ಕಾಯುವುದು

ಇಷ್ಟೆಲ್ಲವನ್ನೂ ಹೇಳಿದ ಮೇಲೂ ಟೆಲ್‌ಫೋರ್ಡನ ನಿಜವಾದ ಹಿರಿಮೆಯು ಉಳಿದೇ ಇದೆಯೆಂದು ನಮ್ಮ ಅಭಿಪ್ರಾಯ. ಹೊಸ ರಸ್ತೆಗೆ ಹಣವನ್ನು ಯಾವ ಸರಕಾರವಾದರೂ ಮಂಜೂರು ಮಾಡೀತು. ಹಳೆಯ ರಸ್ತೆಯ ದುರಸ್ತಿಗೆ ಮಾಡಲಾರದು. ವೇಡನ ದಂಡಿನ ರಸ್ತೆಗಳು ಹಾಳಾದುದು ಕಾಯುವವರಿಲ್ಲದೆ. ಇದನ್ನು ಕಂಡಿದ್ದ ಟೆಲ್‌ಫೋರ್ಡನೂ ರಿಕ್‌ಮನ್ನನೂ ಹೈಲ್ಯಾಂಡ್ ರಸ್ತೆಗಳ ರಕ್ಷಣೆಗಾಗಿ ಹೋರಾಡಿದರು. 1814ರಲ್ಲಿ ಪಾರ್ಲಿಮೆಂಟು ದುರಸ್ತಿಗೆಂದೇ ಕಾಯಿದೆ ಮಾಡಿತು. ಹಾಲಿಹೆಡ್ ರಸ್ತೆಯ ಬದಿಯಲ್ಲಿ ಅಲ್ಲಲ್ಲಿ ಗೋಡೆಯನ್ನು ಒಳಕ್ಕೆ ಬಾಗಿಸಿ ಸಣ್ಣ ಅಂಕಣಗಳನ್ನು ಆತನು ಮಾಡಿಸಿದನು. ದುರಸ್ತಿಯ ಜಲ್ಲಿಯನ್ನು ರಾಶಿ ಹಾಕಿಡುವ ಸ್ಥಳಗಳವು. ಗುಂಡಿ ಬಿದ್ದ ದಿನವೇ ಮುಚ್ಚಲು ಕಲ್ಲು ಅಲ್ಲಿಯೇ ಇರಬೇಕು. ಜಲ್ಲಿಯ ರಾಶಿಗೆ ಇರುಳಿನ ಗಾಡಿ ಎಡವಲೂಬಾರದು. ಆ ಅಂಕಣಗಳಲ್ಲಿ ಹಲವು ಇಂದಿಗೂ ಉಳಿದಿವೆ.

ಹೋಟೆಲಿನವನ ಸ್ವತ್ತು

ನಮ್ಮ ಹೋಟೆಲು ಬಂಧುಗಳಿಗೆ ಪ್ರಿಯವಾಗಬಹುದಾದ ಒಂದು ಸಂಗತಿಯುಂಟು. ಟೆಲ್‌ಫೋರ್ಡನು ಮದುವೆಯಾಗಲಿಲ್ಲ. ವರ್ಷದ ಬಹುಕಾಲ ಸಂಚಾರದಲ್ಲಿರುತ್ತಿದ್ದ ಆತನಿಗೆ ಲಂಡನ್ನಿನಲ್ಲಿ ಸಲೋಪಿಯನ್ ಕಾಫಿ ಹೌಸ್ ಎಂಬ ಹೋಟೆಲೇ ಇಪ್ಪತ್ತೊಂದು ವರ್ಷಗಳ ಕಾಲ ಮನೆಯಾಗಿತ್ತು. ಆತನನ್ನು ಕಾಣಲು ಇಂಜಿನಿಯರರೂ ಗುತ್ತಿಗೆದಾರರೂ ಅಲ್ಲಿಗೇ ಬಂದು ಇಳಿಯುತ್ತಿದ್ದುದರಿಂದ ಹೋಟೆಲಿಗೆ ಒಳ್ಳೆಯ ವ್ಯಾಪಾರ. ಕೊನೆಗೆ 1821ರ ಹೊತ್ತಿಗೆ ಆತನು ಸ್ವಂತ ಮನೆ ಹಿಡಿದು ಹೊರಟಾಗ, ಆಗತಾನೇ ಹೋಟೆಲನ್ನು ಕೊಂಡಿದ್ದ ಹೊಸ ಮಾಲಿಕನು ದಿಗ್ಭ್ರಾಂತನಾದನಂತೆ. ಟೆಲ್‌ಫೋರ್ಡನು ಅಲ್ಲಿರುವನೆಂಬ ಭರವಸೆಗಾಗಿಯೇ ಆತನು ಕ್ರಯದಲ್ಲಿ 750 ಪೌಂಡುಗಳನ್ನು ಹೆಚ್ಚಾಗಿ ತೆತ್ತಿದ್ದನು!

1820ರಲ್ಲಿ ಇಂಜಿನಿಯರರ ಸಂಸ್ಥೆಯು ಆತನನ್ನು ತನ್ನ ಪ್ರಥಮ ಅಧ್ಯಕ್ಷನನ್ನಾಗಿ ಮಾಡಿಕೊಂಡಿತು. ಕೊನೆಯವರೆಗೂ ಆತನೇ ಅಧ್ಯಕ್ಷನಾಗಿದ್ದನು. ಕೊನೆಯ ವರ್ಷಗಳಲ್ಲಿ ಕಿವಿ ಮಂದವಾಯಿತು. ರೈಲುಮಾರ್ಗಗಳು ಬರತೊಡಗಿದ ಕಾಲದಲ್ಲಿ, 1834ರ ಸೆಪ್ಟೆಂಬರ್ 2ರಂದು, ಆತನು ದೇಹವನ್ನು ಬಿಟ್ಟನು. ಕುರುಬನ ಮಗನನ್ನು ರಾಜರು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡಿದರು. ತನ್ನ ಉಯಿಲಿನಲ್ಲಿ ಆತನು ಹುಟ್ಟೂರಿನ ಕಡೆಯ ಎರಡು ಗ್ರಂಥಾಲಯಗಳನ್ನು ಮರೆತಿರಲಿಲ್ಲ. ಎರವಲು ಪುಸ್ತಕಗಳಿಂದ ಮೇಲೆ ಬಂದವನು ಆ ಸಾಲವನ್ನು ಹೀಗೆ ತೀರಿಸಿದನು.

ಮುಂದೆ ಮೋಟಾರುಗಳು ಬಂದಾಗ ಬರಿದಾಗಿದ್ದ ರಸ್ತೆಗಳಿಗೆ ಮತ್ತೆ ಜೀವ ಬಂದಿತು. ಕುದುರೆಗಳಿಗಾಗಿ ಹದಗೊಳಿಸಿದ ವೇಲ್ಸಿನ ಆ ಏರುಗಳಲ್ಲಿ ಲಾರಿಗಳು ಓಡಿದವು. ಮೆನಾಯ್ ಸೇತುವೆಯ ಸರಪಣಿಗಳನ್ನು 1938ರಿಂದ 1941ರವರೆಗೆ ಉಕ್ಕಿಗೆ ಬದಲಾಯಿಸಿದರು. ಗೋಪುರಗಳು ಆತನು ಕಟ್ಟಿಸಿದವೇ. ದೂರದ ಸೀಮೆಯ ಬಡವನ ಪ್ರಾಣಕ್ಕೂ ರಾಜಧಾನಿಯವನ ಪ್ರಾಣಕ್ಕೂ ಸಮನಾದ ತಳಪಾಯ ಬೇಕೆಂದು ಕಲ್ಲಿನಲ್ಲಿ ಸಾಧಿಸಿ ತೋರಿಸಿದವನು ಟೆಲ್‌ಫೋರ್ಡ್. ರಜೆಯಲ್ಲಿ ಊರಿಗೆ ಹೋಗುವಾಗ ನಮ್ಮ ಬಸ್ಸು ಘಟ್ಟದ ತಿರುವಿನಲ್ಲಿ ತಡೆಗೋಡೆಯ ಪಕ್ಕದಲ್ಲಿ ನಿಧಾನವಾಗಿ ಸಾಗಿದರೆ, ಆ ಗೋಡೆಯ ಕಲ್ಲಿಟ್ಟ ಹೆಸರಿಲ್ಲದ ಕೈಗಳನ್ನೂ ವರ್ಷವರ್ಷ ಅದರ ಬಿರುಕು ಮುಚ್ಚುವ ಗ್ಯಾಂಗಿನವರನ್ನೂ ನಾವು ಒಂದು ಕ್ಷಣ ನೆನೆಯುವುದು ಯೋಗ್ಯ.